ಪರಿಕರ್ತಿಕೆ: ಗುದದ ಸೀಳುಗಾಯದ ಅರಿವು ಮತ್ತು ಚಿಕಿತ್ಸೆಗಳ ಇತಿಹಾಸ

ರೋಗಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಪ್ಲೇಗು, ಸಿಡುಬು, ಕಾಲರಾ ಮುಂತಾದ ಮಹಾಮಾರಿಗಳನ್ನೇ ಆರಿಸಿಕೊಳ್ಳುವುದು ವಾಡಿಕೆ. ಊರುಗಳನ್ನು ಬರಿದುಮಾಡಿದ, ಸೈನ್ಯಗಳನ್ನು ಹಿಮ್ಮೆಟ್ಟಿಸಿದ ವ್ಯಾಧಿಗಳಿಗೆ ಇತಿಹಾಸದಲ್ಲಿ ಸ್ಥಾನ ದೊರೆಯುವುದು ಸಹಜವೇ ಸರಿ. ಆದರೆ ಪ್ರಾಣವನ್ನು ತೆಗೆಯದೆ, ಮನುಷ್ಯನ ಪ್ರತಿನಿತ್ಯದ ಬೆಳಗನ್ನು ಮಾತ್ರ ಯಾತನಾಮಯವಾಗಿಸುವ ವ್ಯಾಧಿಗಳೂ ಉಂಟು. ಅವುಗಳಿಗೆ ಚರಿತ್ರೆಕಾರರು ದೊರೆಯುವುದು ವಿರಳ. ಅದರಲ್ಲಿಯೂ ರೋಗವು ದೇಹದ ಯಾವ ಭಾಗದಲ್ಲಿದೆಯೆಂದು ಹೇಳುವುದಕ್ಕೆ ರೋಗಿಯೇ ನಾಚುವಂತಿದ್ದರೆ, ಆ ರೋಗಕ್ಕೆ ಚರಿತ್ರೆ ಹಾಗಿರಲಿ, ಸರಿಯಾದ ಹೆಸರು ಕೂಡ ಇಲ್ಲದೆ ಹೋಗುತ್ತದೆ. ಗುದದ ಸೀಳುಗಾಯವು ಇಂತಹ ವ್ಯಾಧಿಗಳಲ್ಲೊಂದು. ಪಾಶ್ಚಾತ್ಯ ಪದ್ಧತಿಯ ವೈದ್ಯರು ಇದನ್ನು ಫಿಶರ್ ಎನ್ನುತ್ತಾರೆ. ಆಯುರ್ವೇದದ ಪಂಡಿತರು ಪರಿಕರ್ತಿಕೆ ಎನ್ನುತ್ತಾರೆ.

ಇದರ ಸ್ವರೂಪವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಗುದನಾಳದ ಕೆಳ ಅಂಚಿನ ತೆಳುವಾದ ಚರ್ಮವು, ಬಹುಮಟ್ಟಿಗೆ ಗಟ್ಟಿಯಾದ ಮಲದ ಒತ್ತಡದಿಂದ, ಉದ್ದುದ್ದವಾಗಿ ಸೀಳುತ್ತದೆ. ಸೀಳು ಅರ್ಧ ಅಂಗುಲದಷ್ಟು ಇದ್ದರೆ ಹೆಚ್ಚು. ಆದರೆ ಮಲವಿಸರ್ಜನೆಯ ಹೊತ್ತಿನಲ್ಲಿ ಗಾಜಿನ ಚೂರು ಕೊಯ್ದಂತಹ ನೋವು ಉಂಟಾಗಿ, ಆಮೇಲೆಯೂ ಒಂದೆರಡು ಗಂಟೆಗಳವರೆಗೆ, ಕೆಲವರಲ್ಲಿ ಅರ್ಧ ದಿನದವರೆಗೆ, ಉರಿಯೂ ಸೆಳೆತವೂ ಉಳಿಯುತ್ತವೆ. ಕೆಂಪು ರಕ್ತದ ಕೆಲವು ಹನಿಗಳು ಕಾಣಿಸಿಕೊಳ್ಳಬಹುದು. ಎಳೆಯ ಮಕ್ಕಳಲ್ಲಿ, ಪ್ರಾಯದ ಸ್ತ್ರೀಪುರುಷರಲ್ಲಿ, ಬಾಣಂತಿಯರಲ್ಲಿ ಇದು ಹೆಚ್ಚು. ನೋವಿನ ಭೀತಿಯಿಂದ ರೋಗಿಯು ಶೌಚವನ್ನು ತಡೆಹಿಡಿಯುತ್ತಾನೆ. ತಡೆದಷ್ಟೂ ಮಲ ಗಟ್ಟಿಯಾಗುತ್ತದೆ. ಗಟ್ಟಿಯಾದಷ್ಟೂ ಸೀಳು ಹಿಗ್ಗುತ್ತದೆ.

ಇಷ್ಟು ಚಿಕ್ಕ ಗಾಯ ಇಷ್ಟು ದೊಡ್ಡ ನೋವನ್ನು ಕೊಡುವುದೇಕೆ? ಕೈಯ ಮೇಲಾದ ಇಂತಹದೇ ಗಾಯ ನಾಲ್ಕು ದಿನಗಳಲ್ಲಿ ಮಾಯುವಾಗ ಇದು ತಿಂಗಳುಗಟ್ಟಲೆ ಮಾಯದಿರುವುದೇಕೆ? ಈ ಎರಡು ಪ್ರಶ್ನೆಗಳಿಗೆ ಮನುಷ್ಯನು ಉತ್ತರ ಕಂಡುಕೊಳ್ಳುವುದಕ್ಕೆ ಎರಡು ಸಾವಿರ ವರ್ಷಗಳಷ್ಟು ಕಾಲ ಹಿಡಿಯಿತು. ಆ ಹುಡುಕಾಟದ ಹೆಜ್ಜೆಗಳನ್ನು ಗುರುತಿಸುವುದು ಈ ಲೇಖನದ ಉದ್ದೇಶ.

1. ಹೆಸರಿನ ತೊಡಕು

ಕನ್ನಡ ಮನೆಮಾತಿನಲ್ಲಿ ಈ ವ್ಯಾಧಿಗೆ ಪ್ರತ್ಯೇಕವಾದ ಹೆಸರು ರೂಢಿಯಲ್ಲಿಲ್ಲ. ಗುದದಲ್ಲಿ ನೋವಾದರೂ, ರಕ್ತ ಬಿದ್ದರೂ, ಗಂಟು ಕಂಡರೂ, ಕೀವು ಸೋರಿದರೂ ಜನ ಹೇಳುವುದು ಒಂದೇ ಮಾತು: ಮೂಲವ್ಯಾಧಿ. ಮೂಲವೆಂದರೆ ಬುಡ. ರೋಗವೆಲ್ಲಿದೆಯೆಂಬುದನ್ನು ಈ ಶಬ್ದ ಸೂಚಿಸುತ್ತದೆಯೇ ಹೊರತು ರೋಗವೇನೆಂಬುದನ್ನು ತಿಳಿಸುವುದಿಲ್ಲ. ಕನ್ನಡನಾಡಿನ ಹೊರಗೆ ನೆಲೆಸಿರುವ ನಮಗೆ ಇದು ಕನ್ನಡದೊಂದರ ಕೊರತೆಯಲ್ಲವೆಂಬುದೂ ಅನುಭವದಿಂದ ತಿಳಿದಿದೆ. ಮರಾಠಿಗರು ಮೂಳವ್ಯಾಧ ಎನ್ನುತ್ತಾರೆ, ತಮಿಳರು ಮೂಲಂ ಎನ್ನುತ್ತಾರೆ, ತೆಲುಗರು ಮೊಲಲು ಎನ್ನುತ್ತಾರೆ, ಹಿಂದಿಯವರು ಅರಬ್ಬೀ ಮೂಲದ ಬವಾಸೀರ್ ಎಂಬ ಶಬ್ದವನ್ನು ಬಳಸುತ್ತಾರೆ. ಎಲ್ಲ ಕಡೆಯೂ ಒಂದೇ ಹೆಸರಿನ ಕೆಳಗೆ ಹಲವು ರೋಗಗಳು ಅಡಗಿ ಕುಳಿತಿವೆ.

ಕನ್ನಡದಲ್ಲಿ ವೈದ್ಯವಾಙ್ಮಯವಿಲ್ಲದ್ದರಿಂದ ಹೀಗಾಯಿತೆಂದು ಹೇಳುವಂತಿಲ್ಲ. ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿಯೇ ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು ಆಧರಿಸಿ ಕನ್ನಡದಲ್ಲಿ ಕಲ್ಯಾಣಕಾರಕವನ್ನು ರಚಿಸಿದನು. 14ನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ಬರೆದನು. ಆದರೆ ಪಂಡಿತರ ಪರಿಭಾಷೆ ಗ್ರಂಥಗಳಲ್ಲಿ ಉಳಿದು, ಜನರ ಬಾಯಲ್ಲಿ ಒಂದೇ ಶಬ್ದ ನೆಲೆನಿಂತಿತು.

ಇದು ಕೇವಲ ಭಾಷಾಶಾಸ್ತ್ರದ ವಿಚಾರವಲ್ಲ. ಮೂಲವ್ಯಾಧಿಯೆಂದು ನಾವು ಸಾಮಾನ್ಯವಾಗಿ ಕರೆಯುವ ಅರ್ಶಸ್ಸು, ಗುದನಾಳದ ಒಳಗಿನ ರಕ್ತನಾಳಗಳ ಮೆತ್ತೆಗಳು ಉಬ್ಬಿ ಜಾರುವ ರೋಗ. ಗುದನಾಳದ ನಡುವೆ ಹಲ್ಲಿನ ಸಾಲಿನಂತಹ ಒಂದು ಗೆರೆಯುಂಟು. ಆ ಗೆರೆಯ ಮೇಲಿನ ಭಾಗಕ್ಕೆ ಕೊಯ್ದರೂ ಸುಟ್ಟರೂ ಚರ್ಮದಂತೆ ನೋವು ತಿಳಿಯದು. ಕೆಳಗಿನ ಭಾಗವಾದರೋ ಬೆರಳ ತುದಿಯಷ್ಟೇ ಸೂಕ್ಷ್ಮ. ಒಳಗಿನ ಅರ್ಶಸ್ಸು ಗೆರೆಯ ಮೇಲೆ ಹುಟ್ಟುವುದರಿಂದ ರಕ್ತ ಹೆಚ್ಚು ಬಿದ್ದರೂ ನೋವು ಕಡಮೆ. ಸೀಳು ಗೆರೆಯ ಕೆಳಗೆ ಆಗುವುದರಿಂದ ರಕ್ತ ಕಡಮೆಯಾದರೂ ನೋವು ಅಪಾರ. ಹೀಗೆ ಲಕ್ಷಣದಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ರೋಗಗಳನ್ನು ಒಂದೇ ಹೆಸರಿನಿಂದ ಕರೆದುದರ ಫಲವಾಗಿ, ಒಂದರ ಮದ್ದು ಇನ್ನೊಂದಕ್ಕೆ ಬೀಳುತ್ತ ಬಂದಿದೆ. ಸೀಳಿನ ಮೇಲೆ ದಾಹಕದ್ರವ್ಯವನ್ನು ಹಚ್ಚಿದರೆ ರೋಗಿಯ ಗತಿಯೇನಾದೀತೆಂಬುದನ್ನು ಊಹಿಸಿಕೊಳ್ಳಬಹುದು.

2. ಸಂಹಿತೆಗಳ ಸಾಕ್ಷ್ಯ

ಕ್ರಿಸ್ತಪೂರ್ವದ ಶತಮಾನಗಳಲ್ಲಿ ಮೊಳೆತು ಕ್ರಿಸ್ತಶಕದ ಮೊದಲ ಶತಮಾನಗಳವರೆಗೆ ಪರಿಷ್ಕಾರಗೊಳ್ಳುತ್ತ ಬಂದ ಸುಶ್ರುತಸಂಹಿತೆಯು ಗುದದ ರಚನೆಯನ್ನು ವಿವರವಾಗಿ ಹೇಳುತ್ತದೆ. ಗುದವು ನಾಲ್ಕೂವರೆ ಅಂಗುಲ ಉದ್ದವೆಂದೂ, ಅದರಲ್ಲಿ ಪ್ರವಾಹಣೀ, ವಿಸರ್ಜನೀ, ಸಂವರಣೀ ಎಂಬ ಮೂರು ವಲಿಗಳಿವೆಯೆಂದೂ ನಿದಾನಸ್ಥಾನದಲ್ಲಿದೆ. ಮೊದಲನೆಯದು ನೂಕುವುದು, ಎರಡನೆಯದು ಹೊರಹಾಕುವುದು, ಮೂರನೆಯದು ಮುಚ್ಚುವುದು ಎಂದು ಹೆಸರುಗಳೇ ಸೂಚಿಸುತ್ತವೆ. ಅಂಗದ ಆಕಾರವನ್ನಲ್ಲದೆ ಅದರ ಕೆಲಸವನ್ನೂ ಗಮನಿಸಿ ಹೆಸರಿಟ್ಟ ಜಾಣ್ಮೆ ಮೆಚ್ಚತಕ್ಕದ್ದು. ಗುದವನ್ನು ಪರೀಕ್ಷಿಸುವ ಅರ್ಶೋಯಂತ್ರದ ವರ್ಣನೆಯೂ ಅಲ್ಲಿದೆ. ಹಸುವಿನ ಮೊಲೆಯ ಆಕಾರದ್ದು, ನಾಲ್ಕು ಅಂಗುಲ ಉದ್ದ, ಸುತ್ತಳತೆ ಪುರುಷರಿಗೆ ಐದು ಅಂಗುಲ, ಸ್ತ್ರೀಯರಿಗೆ ಆರು. ಲೋಹ, ದಂತ, ಕೊಂಬು ಅಥವಾ ಮರದಿಂದ ಮಾಡಿದ್ದು. ಒಂದು ರಂಧ್ರ ನೋಡುವುದಕ್ಕೆ, ಇನ್ನೊಂದು ಚಿಕಿತ್ಸೆಗೆ.

ಇಷ್ಟೆಲ್ಲ ವಿವರಗಳನ್ನು ಅರ್ಶಸ್ಸಿನ ಅಧ್ಯಾಯಗಳಲ್ಲಿ ಕೊಟ್ಟ ಸಂಹಿತೆ, ಪರಿಕರ್ತಿಕೆಯನ್ನು ಮಾತ್ರ ಆ ಸಾಲಿನಲ್ಲಿ ಇರಿಸಿಲ್ಲವೆಂಬುದು ಗಮನಾರ್ಹ. ಅದಕ್ಕೆ ಪ್ರತ್ಯೇಕ ಅಧ್ಯಾಯವೂ ಇಲ್ಲ. ಚಿಕಿತ್ಸಾಸ್ಥಾನದಲ್ಲಿ ವಮನ ವಿರೇಚನಗಳು ಕೆಟ್ಟಾಗ ಒದಗುವ ವ್ಯಾಪತ್ತುಗಳನ್ನು ಎಣಿಸುವಲ್ಲಿ ಅದು ಬರುತ್ತದೆ. ಮೃದುವಾದ ಕೋಷ್ಠವುಳ್ಳವನಿಗೆ, ಕೃಶನಾದವನಿಗೆ, ಅತಿ ತೀಕ್ಷ್ಣವೂ ಉಷ್ಣವೂ ಆದ ಭೇದಿಯ ಔಷಧವನ್ನು ಕೊಟ್ಟರೆ ವಾತಪಿತ್ತಗಳು ಕೆರಳಿ, ಗುದದಲ್ಲಿಯೂ ನಾಭಿ, ಬಸ್ತಿ ಮುಂತಾದ ಎಡೆಗಳಲ್ಲಿಯೂ ಕತ್ತರಿಸಿದಂತಹ ನೋವು ಹುಟ್ಟುತ್ತದೆಯೆಂದು ಅಲ್ಲಿನ ಅಭಿಪ್ರಾಯ. ಚರಕಸಂಹಿತೆಯ ಸಿದ್ಧಿಸ್ಥಾನದಲ್ಲಿಯೂ ಇದು ಶೋಧನಕರ್ಮದ ವ್ಯಾಪತ್ತುಗಳ ನಡುವೆಯೇ ಬರುತ್ತದೆ. ಕಾಶ್ಯಪಸಂಹಿತೆಯಾದರೋ ಗರ್ಭಿಣಿಯರಿಗೆ ಬರುವ ಪರಿಕರ್ತಿಕೆಯನ್ನು ಎತ್ತಿ ಹೇಳಿ, ದೋಷಭೇದದಿಂದ ಅದನ್ನು ವಿಂಗಡಿಸುತ್ತದೆ. ನೇಪಾಳದ ಹಸ್ತಪ್ರತಿಯನ್ನು ಆಧರಿಸಿ 1938ರಲ್ಲಿ ಪ್ರಕಟವಾದ ಈ ಗ್ರಂಥದ ಸಾಕ್ಷ್ಯಕ್ಕೆ ವಿಶೇಷ ಬೆಲೆಯುಂಟು. ಏಕೆಂದರೆ ಗರ್ಭಿಣಿಯರಲ್ಲಿಯೂ ಬಾಣಂತಿಯರಲ್ಲಿಯೂ ಈ ವ್ಯಾಧಿ ಹೆಚ್ಚೆಂಬುದನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ.

ಪರಿಕರ್ತಿಕೆಯೇ ಇಂದಿನ ಫಿಶರ್ ಎಂದು ಹಲವು ಆಧುನಿಕ ಲೇಖಕರು ಒಂದೇ ಮಾತಿನಲ್ಲಿ ತೀರ್ಮಾನಿಸಿಬಿಡುತ್ತಾರೆ. ಈ ಸಮೀಕರಣವನ್ನು ಹಾಗೆಯೇ ಒಪ್ಪುವುದು ಕಷ್ಟ. ಕೃತ್ ಎಂಬ ಧಾತುವಿಗೆ ಕತ್ತರಿಸು ಎಂದರ್ಥ. ಪರಿ ಎಂದರೆ ಸುತ್ತಲೂ. ಪರಿಕರ್ತಿಕೆಯೆಂದರೆ ಸುತ್ತಲೂ ಕತ್ತರಿಸಿದಂತಹ ನೋವು. ಇದು ನೋವಿನ ಹೆಸರು, ಗಾಯದ ಹೆಸರಲ್ಲ. ನಾಭಿಯಲ್ಲಿಯೂ ಬಸ್ತಿಯಲ್ಲಿಯೂ ಆಗುವ ವೇದನೆಯನ್ನು ಇದೇ ಶಬ್ದವು ಒಳಗೊಳ್ಳುವುದೇ ಇದಕ್ಕೆ ಸಾಕ್ಷಿ. ಗುದದಲ್ಲಿ ಗಾಯವಾಗುವ ಪ್ರಸಂಗ ಸಂಹಿತಾಕಾರರಿಗೆ ತಿಳಿಯದೇ ಇರಲಿಲ್ಲ. ಬಸ್ತಿಯ ನಳಿಗೆಯನ್ನು ಅಡ್ಡಾದಿಡ್ಡಿಯಾಗಿ ಇರಿಸಿದರೆ ಗುದಕ್ಷತವಾಗುವುದೆಂದು ಅವರು ಎಚ್ಚರಿಸಿದ್ದಾರೆ. ಆದರೆ ಆ ಗಾಯವನ್ನೂ ಈ ನೋವನ್ನೂ ಒಂದೇ ರೋಗದ ಎರಡು ಮುಖಗಳೆಂದು ಅವರು ಕೂಡಿಸಿ ಹೇಳಲಿಲ್ಲ.

ಹೀಗೆಂದ ಮಾತ್ರಕ್ಕೆ ಅವರ ಚಿಕಿತ್ಸೆಯನ್ನು ಅಲ್ಪವೆಂದು ಎಣಿಸಬೇಕಾಗಿಲ್ಲ. ಜ್ಯೇಷ್ಠಮಧು, ಕರಿಯೆಳ್ಳು, ಜೇನು, ತುಪ್ಪಗಳು ಕೂಡಿದ ಲೋಳೆಯಾದ ಪಿಚ್ಛಾಬಸ್ತಿ, ಜ್ಯೇಷ್ಠಮಧುವಿನಿಂದ ಸಿದ್ಧವಾದ ತೈಲದ ಅನುವಾಸನ, ಹಾಲಿನ ಊಟ. ಇವೆಲ್ಲವೂ ನಯಗೊಳಿಸುವ, ಮೆತ್ತಗಾಗಿಸುವ, ತಣಿಸುವ ಉಪಾಯಗಳು. ಅರ್ಶಸ್ಸಿಗೆ ಕ್ಷಾರ, ಅಗ್ನಿ, ಶಸ್ತ್ರಗಳನ್ನು ನಿಸ್ಸಂಕೋಚವಾಗಿ ಹೇಳಿದ ಅದೇ ಸುಶ್ರುತನು, ಕತ್ತರಿಸುವ ನೋವಿಗೆ ಅವುಗಳಲ್ಲಿ ಒಂದನ್ನೂ ವಿಧಿಸಲಿಲ್ಲ. ಮನೆಮಾತು ಒಂದುಗೂಡಿಸಿದ ಎರಡು ವ್ಯಾಧಿಗಳನ್ನು ಸಂಹಿತೆ ಚಿಕಿತ್ಸೆಯ ಮಟ್ಟದಲ್ಲಿಯಾದರೂ ಬೇರೆಬೇರೆಯಾಗಿ ಇಟ್ಟಿತ್ತು. ಡಲ್ಹಣನ ವ್ಯಾಖ್ಯಾನದೊಡನೆ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಿಂದ ಹೊರಬಂದ ಸುಶ್ರುತಸಂಹಿತೆಯ ಆವೃತ್ತಿಯು ಈ ಭೇದವನ್ನು ನಮ್ಮ ಕಾಲದ ಓದುಗರಿಗೆ ಸುಲಭವಾಗಿ ಎಟಕುವಂತೆ ಮಾಡಿದೆ.

3. ರೋಮನರೂ ಅರಬ್ಬರೂ

ಭಾರತದಲ್ಲಿ ನೋವಿಗೆ ಹೆಸರು ಬಂದರೆ, ಗ್ರೀಕರಲ್ಲಿಯೂ ರೋಮನರಲ್ಲಿಯೂ ಗಾಯಕ್ಕೆ ಹೆಸರು ಬಂದಿತು. ಕ್ರಿ. ಶ. ಒಂದನೆಯ ಶತಮಾನದ ಲ್ಯಾಟಿನ್ ಲೇಖಕ ಸೆಲ್ಸಸನು ತನ್ನ ವೈದ್ಯಗ್ರಂಥದ ಆರನೆಯ ಭಾಗದಲ್ಲಿ, ಗುದದ ಚರ್ಮವು ಹಲವೆಡೆ ಸೀಳುವುದುಂಟೆಂದೂ, ಗ್ರೀಕರು ಅದನ್ನು ರ‍್ಹಾಗಾದಿಯಾ ಎನ್ನುವರೆಂದೂ ಹೇಳುತ್ತಾನೆ. ಗಾಯ ಹೊಸದಾಗಿದ್ದರೆ ರೋಗಿಯು ವಿಶ್ರಾಂತಿ ಪಡೆದು ಬಿಸಿನೀರಿನಲ್ಲಿ ಕುಳಿತುಕೊಳ್ಳಬೇಕು. ಪಾರಿವಾಳದ ಮೊಟ್ಟೆಗಳನ್ನು ಬೇಯಿಸಿ, ಸುಲಿದು, ಒಂದು ಬಿಸಿನೀರಿನಲ್ಲಿರುವಾಗ ಇನ್ನೊಂದರಿಂದ ಆ ಸ್ಥಳಕ್ಕೆ ಕಾವು ಕೊಡಬೇಕು. ಹಳೆಯದಾಗಿ ಅಂಚು ಗಟ್ಟಿಗಟ್ಟಿದ ಸೀಳುಗಳಿಗೆ ಏಳನೆಯ ಭಾಗದಲ್ಲಿ ಶಸ್ತ್ರವನ್ನು ಹೇಳುತ್ತಾನೆ: ಬಿಸಿಯಾದ ಸ್ಪಂಜನ್ನು ಇಟ್ಟು ಆ ಭಾಗವನ್ನು ಸಡಿಲಗೊಳಿಸಿ, ಗಟ್ಟಿಯಾದ ಅಂಚನ್ನು ಕತ್ತರಿಸಿ ತೆಗೆದು, ಹಳೆಯ ಹುಣ್ಣನ್ನು ಹೊಸ ಗಾಯವಾಗಿ ಮಾಡಬೇಕು.

ಸೆಲ್ಸಸನ ದೃಷ್ಟಿ ಗಾಯದ ಮೇಲೆಯೇ ನೆಟ್ಟಿತ್ತು. ಗಾಯ ಮಾಯದಿರುವುದಕ್ಕೆ ಅದರ ಅಂಚು ಗಟ್ಟಿಯಾದದ್ದೇ ಕಾರಣವೆಂದು ಅವನು ಭಾವಿಸಿದನು. ಆದರೂ ಬಿಸಿನೀರಿನ ಮತ್ತು ಕಾವಿನ ಉಪಯೋಗವನ್ನು ಅನುಭವದಿಂದ ಅರಿತಿದ್ದನು. ಅರ್ಶಸ್ಸಿನ ನೋವಿಗೆ ಬೆಚ್ಚಗಿನ ಕಷಾಯದಲ್ಲಿ ಕುಳ್ಳಿರಿಸುವ ಅವಗಾಹವನ್ನು ಚರಕಸಂಹಿತೆಯೂ ಹೇಳುತ್ತದೆ. ಒಬ್ಬರಿಂದೊಬ್ಬರು ಕಲಿತರೆಂದು ಸಾಧಿಸುವುದಕ್ಕೆ ಇಷ್ಟು ಸಾಮ್ಯ ಸಾಲದು. ನೋವು ಎಲ್ಲರಿಗೂ ಒಂದೇ ಆದುದರಿಂದ ಬಿಸಿನೀರೂ ಎಲ್ಲರಿಗೂ ತೋಚಿತೆನ್ನುವುದೇ ಹೆಚ್ಚು ಸರಿ.

ಈ ಗ್ರೀಕ್ ಪರಂಪರೆ ಅರಬ್ಬೀ ವೈದ್ಯರ ಮೂಲಕ ಮುಂದುವರಿಯಿತು. ಇಬ್ನ್ ಸೀನಾನ ಕಾನೂನ್ ಗ್ರಂಥವು ಗುದದ ಸೀಳನ್ನು ಶುಕಾಕ್ ಎಂದು ಬವಾಸೀರಿನಿಂದ ಬೇರ್ಪಡಿಸಿ ಹೇಳುತ್ತದೆ. 12ನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಯೆಹೂದಿ ತತ್ತ್ವಜ್ಞಾನಿ ಮೈಮೊನಿಡೀಸನು ಬವಾಸೀರನ್ನು ಕುರಿತು ಅರಬ್ಬಿಯಲ್ಲಿ ಒಂದು ಕಿರುಗ್ರಂಥವನ್ನೇ ಬರೆದು, ಶಸ್ತ್ರಕ್ಕಿಂತ ಆಹಾರನಿಯಮಕ್ಕೆ ಪ್ರಾಧಾನ್ಯ ಕೊಟ್ಟನು. ಯುನಾನಿ ಹಕೀಮರ ಮೂಲಕ ನಮ್ಮ ನಾಡಿಗೂ ಬಂದ ಈ ಪರಂಪರೆಯಲ್ಲಿ ಇಸಬ್ಗೋಲು ಮುಖ್ಯವಾದದ್ದು. ಕುದುರೆಯ ಕಿವಿ ಎಂದರ್ಥಕೊಡುವ ಪಾರಸೀ ಶಬ್ದದಿಂದ ಬಂದ ಈ ಹೆಸರು ಬೀಜದ ಆಕಾರವನ್ನು ಸೂಚಿಸುತ್ತದೆ. ಗುಜರಾತು ಮತ್ತು ರಾಜಸ್ಥಾನಗಳಲ್ಲಿ ವಿಶೇಷವಾಗಿ ಬೆಳೆಯುವ ಇದರ ಹೊಟ್ಟು ನೀರನ್ನು ಹೀರಿ ಲೋಳೆಯಾಗಿ ಮಲವನ್ನು ಮೆತ್ತಗಾಗಿಸುತ್ತದೆ. ಇಂದಿನ ವೈದ್ಯರೂ ಈ ವ್ಯಾಧಿಗೆ ಮೊಟ್ಟಮೊದಲು ಬರೆದುಕೊಡುವುದು ಬಹುಮಟ್ಟಿಗೆ ಇದನ್ನೇ.

4. ಗಾಯಕ್ಕೂ ನೋವಿಗೂ ಸಂಬಂಧ

ನೋವು ಒಂದು ಕಡೆ, ಗಾಯ ಒಂದು ಕಡೆ ಉಳಿದಿದ್ದ ಈ ವಿಚಾರಕ್ಕೆ ಮೂರನೆಯ ಅಂಶವೊಂದನ್ನು ತಂದು ಸೇರಿಸಿದವನು ಫ್ರೆಂಚ್ ಶಸ್ತ್ರವೈದ್ಯ ಅಲೆಕ್ಸಿ ಬ್ವಾಯೆ. ನೆಪೋಲಿಯನ್ ಚಕ್ರವರ್ತಿಯ ಶಸ್ತ್ರವೈದ್ಯನಾಗಿದ್ದ ಈತನು 1818ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಇಂತಹ ರೋಗಿಗಳ ಗುದದ್ವಾರ ಅಸಾಧಾರಣವಾಗಿ ಬಿಗಿದಿರುವುದನ್ನು ಎತ್ತಿ ತೋರಿಸಿದನು. ಚೀಲದ ಬಾಯಿಯನ್ನು ಬಿಗಿಯುವ ದಾರದಂತೆ ಗುದದ್ವಾರವನ್ನು ಮುಚ್ಚಿ ಹಿಡಿಯುವ ಸಂಕೋಚಕ ಸ್ನಾಯುವೊಂದುಂಟು. ಅದರ ಸೆಳೆತವೇ ರೋಗದ ತಿರುಳು, ಸೀಳು ಅದರೊಡನೆ ಬರುವ ಸಂಗಡಿಗ ಮಾತ್ರ ಎಂದು ಬ್ವಾಯೆ ಸಾರಿದನು. ಅವನ ಚಿಕಿತ್ಸೆಯೂ ಈ ಮತಕ್ಕೆ ತಕ್ಕದ್ದೇ: ಸ್ನಾಯುವನ್ನೇ ಕೊಯ್ದು ಬಿಗಿತವನ್ನು ಬಿಡಿಸುವುದು. ಆಶ್ಚರ್ಯವೆಂದರೆ, ಸ್ನಾಯುವಿಗೆ ಕೊಯ್ತ ಹಾಕಿದೊಡನೆ ಸೀಳು ತಾನಾಗಿಯೇ ಮಾಯುತ್ತಿತ್ತು.

ಈಥರಿನಿಂದ ಪ್ರಜ್ಞೆ ತಪ್ಪಿಸಿ ಶಸ್ತ್ರಕ್ರಿಯೆ ನಡೆಸುವ ವಿಧಾನ ಲೋಕಕ್ಕೆ ತಿಳಿದದ್ದು 1846ರಲ್ಲಿ. ಎಂದಮೇಲೆ ಬ್ವಾಯೆಯ ರೋಗಿಗಳು ಎಚ್ಚರವಿದ್ದಂತೆಯೇ ಈ ಕೊಯ್ತವನ್ನು ಸಹಿಸಿದರು. ಹಾಗಿದ್ದೂ ಅದಕ್ಕೆ ಒಪ್ಪಿಕೊಳ್ಳುತ್ತಿದ್ದರೆಂದರೆ ರೋಗದ ಯಾತನೆ ಎಷ್ಟಿದ್ದಿರಬೇಕೆಂಬುದು ವೇದ್ಯವಾಗುತ್ತದೆ. ಬ್ವಾಯೆಯ ಕಾಲದವನೇ ಆದ ದ್ಯುಪ್ಯೂತ್ರನು ಬೆಲ್ಲಡೊನ್ನದ ಲೇಪವನ್ನು ಪ್ರಯೋಗಿಸಿದನು. ಸ್ನಾಯುವನ್ನು ಕೊಯ್ಯದೆ ಔಷಧದಿಂದಲೇ ಸಡಿಲಗೊಳಿಸುವ ಯತ್ನವದು. ಇದರ ಬೆಲೆ ತಿಳಿದದ್ದು ಒಂದೂವರೆ ಶತಮಾನ ಕಳೆದ ಮೇಲೆ. ರೆಕಾಮಿಯೆ ಎಂಬ ಇನ್ನೊಬ್ಬ ಫ್ರೆಂಚ್ ವೈದ್ಯನು 1838ರಲ್ಲಿ ಬೆರಳುಗಳಿಂದ ಗುದದ್ವಾರವನ್ನು ಹಿಗ್ಗಿಸಿ ಸೆಳೆತವನ್ನು ಬಿಡಿಸುವ ವಿಧಾನವನ್ನು ವರ್ಣಿಸಿದನು. ಇದು ಸುಲಭವಾದ ವಿಧಾನವಾದುದರಿಂದ 20ನೆಯ ಶತಮಾನದಲ್ಲಿಯೂ ಬಹುಕಾಲ ನಡೆದುಬಂದಿತು.

ಇಂಗ್ಲೆಂಡಿನಲ್ಲಿ ಬೆಂಜಮಿನ್ ಬ್ರೋಡಿಯು ಹಳೆಯ ಸೀಳಿನ ಹೊರ ಅಂಚಿನಲ್ಲಿ ಬೆಳೆಯುವ ಚರ್ಮದ ಕುಡಿಯನ್ನು ಗುರುತಿಸಿದನು. ಒಳಗೆ ಸೀಳಿದೆಯೆಂದು ಹೊರಗಿನಿಂದಲೇ ಸಾರುವ ಈ ಕುಡಿಗೆ ಕಾವಲುಗಾರನೆಂಬ ಅರ್ಥದ ಹೆಸರು ಬಂದಿದೆ. ರೋಗಿಯು ಕೈಗೆ ತಗಲುವ ಈ ಕುಡಿಯನ್ನೇ ಮೂಲವ್ಯಾಧಿಯ ಮೊಳಕೆಯೆಂದು ತಿಳಿಯುವುದು ಇಂದಿಗೂ ಸಾಮಾನ್ಯ. 1835ರಲ್ಲಿ ಫ್ರೆಡರಿಕ್ ಸಾಮನ್ ಎಂಬ ಶಸ್ತ್ರವೈದ್ಯನು ಲಂಡನ್ನಿನಲ್ಲಿ ಬಡವರ ಗುದರೋಗಗಳಿಗಾಗಿಯೇ ಏಳು ಹಾಸಿಗೆಗಳ ಚಿಕ್ಕ ಆಸ್ಪತ್ರೆಯನ್ನು ತೆರೆದನು. ಅದೇ ಮುಂದೆ ಸೇಂಟ್ ಮಾರ್ಕ್ಸ್ ಆಸ್ಪತ್ರೆಯೆಂದು ಜಗತ್ಪ್ರಸಿದ್ಧವಾಯಿತು. ಇತರ ಕಡೆ ನಾಚಿಕೆಯಿಂದ ಮುಚ್ಚಿಡುತ್ತಿದ್ದ ರೋಗಕ್ಕೆ ಒಂದು ಇಡೀ ಸಂಸ್ಥೆ ಮೀಸಲಾದದ್ದು ಅರಿವಿನ ಬೆಳವಣಿಗೆಗೆ ಬಹಳ ಸಹಾಯಕವಾಯಿತು.

5. ಯಾವ ಸ್ನಾಯು?

ಸೆಳೆತವೆಂದು ತಿಳಿದ ಮೇಲೂ ಯಾವ ಸ್ನಾಯುವಿನ ಸೆಳೆತವೆಂಬುದು ನಿರ್ಧಾರವಾಗಲಿಲ್ಲ. ಗುದದ ಸುತ್ತ ಇರುವುದು ಒಂದಲ್ಲ, ಎರಡು ಸಂಕೋಚಕಗಳು. ಹೊರಗಿನದು ನಮ್ಮ ಇಚ್ಛೆಗೆ ಒಳಪಟ್ಟದ್ದು. ಬೇಕೆಂದಾಗ ಬಿಗಿಯಬಹುದು, ಬೇಡವೆಂದಾಗ ಬಿಡಬಹುದು. ಒಳಗಿನದು ಹೃದಯದಂತೆ, ಕರುಳಿನಂತೆ, ನಮ್ಮ ಅಪ್ಪಣೆಯನ್ನು ಕೇಳದೆ ಹಗಲಿರುಳೂ ತನ್ನಷ್ಟಕ್ಕೆ ತಾನು ಬಿಗಿದಿರುವುದು. 1919ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಮೈಲ್ಸನು ಗುದನಾಳದಲ್ಲಿ ನಾರಿನ ಪಟ್ಟಿಯೊಂದು ಬೆಳೆದು ಬಿಗಿತವನ್ನುಂಟುಮಾಡುತ್ತದೆಂದು ತರ್ಕಿಸಿದನು. ಅದನ್ನೇ ಕೊಯ್ಯುವ ಶಸ್ತ್ರಕ್ರಿಯೆಯೂ ರೂಢಿಗೆ ಬಂದಿತು. ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನ ಸ್ಟೀಫನ್ ಐಸೆನ್‌ಹ್ಯಾಮರನು 1951ರಲ್ಲಿ, ಬಿಗಿದಿರುವುದು ಒಳಸಂಕೋಚಕವೆಂದು ತೋರಿಸಿ ಅದನ್ನು ಮಾತ್ರ ಕೊಯ್ಯುವ ಕ್ರಮವನ್ನು ಮುಂದಿಟ್ಟನು. ಹಿಂದಿನವರು ಪಟ್ಟಿಯೆಂದು ತಿಳಿದು ಕೊಯ್ಯುತ್ತಿದ್ದದ್ದು ವಾಸ್ತವವಾಗಿ ಈ ಸ್ನಾಯುವಿನ ಕೆಳ ಅಂಚನ್ನೇ.

ಮೊದಮೊದಲು ಸೀಳಿನ ನೇರಕ್ಕೇ, ಹಿಂಭಾಗದ ನಡುವಿನಲ್ಲಿ, ಕೊಯ್ತ ಹಾಕುತ್ತಿದ್ದರು. ಆ ಕೊಯ್ತ ಬೀಗದ ಕೈಯ ತೂತಿನಂತಹ ತಗ್ಗನ್ನು ಉಳಿಸಿ, ಕೆಲವರಿಗೆ ಮಲದ ಹಿಡಿತ ಸಡಿಲಾಗುತ್ತಿತ್ತು. ಆದಕಾರಣ ಕೊಯ್ತವನ್ನು ಪಕ್ಕಕ್ಕೆ ಸರಿಸಿದರು. 1969ರಲ್ಲಿ ನೋಟರಾಸನು ಚರ್ಮದ ಕೆಳಗೆ ಸಣ್ಣ ಅಲಗನ್ನು ತೂರಿಸಿ ಪಕ್ಕದಿಂದ ಸ್ನಾಯುವಿನ ಅಂಚನ್ನು ಕೊಯ್ಯುವ ವಿಧಾನವನ್ನು ಪ್ರಕಟಿಸಿದನು. ಗಾಯವನ್ನು ಮುಟ್ಟದೆಯೇ ಗಾಯವನ್ನು ಗುಣಪಡಿಸುವ ಈ ಶಸ್ತ್ರಕ್ರಿಯೆ ಬಹುಬೇಗ ಎಲ್ಲ ದೇಶಗಳಲ್ಲಿಯೂ ಹಬ್ಬಿತು. ನೂರರಲ್ಲಿ ತೊಂಬತ್ತಕ್ಕೂ ಮೇಲ್ಪಟ್ಟ ರೋಗಿಗಳು ಇದರಿಂದ ಗುಣಹೊಂದುತ್ತಾರೆ. ಇತ್ತ, ರೆಕಾಮಿಯೆಯ ಕಾಲದಿಂದ ಬಂದ ಹಿಗ್ಗಿಸುವ ಪದ್ಧತಿ ಎಷ್ಟು ಅಪಾಯಕರವೆಂಬುದು 1991ರಲ್ಲಿ ಸ್ಪಷ್ಟವಾಯಿತು. ಶ್ರವಣಾತೀತ ಧ್ವನಿಯ ಯಂತ್ರದಿಂದ ನೋಡಿದಾಗ, ಹಾಗೆ ಹಿಗ್ಗಿಸಿಕೊಂಡವರ ಸ್ನಾಯು ಕಂಡಕಂಡಲ್ಲಿ ಹರಿದಿರುವುದು ಕಂಡುಬಂದಿತು.

6. ಗಾಯವೇಕೆ ಮಾಯದು?

ಇಲ್ಲಿಗೆ ನೋವಿನ ಕಾರಣ ತಿಳಿದಂತಾಯಿತು. ಆದರೆ ಬಿಗಿದ ಸ್ನಾಯುವಿಗೂ ಮಾಯದ ಗಾಯಕ್ಕೂ ಏನು ಸಂಬಂಧ? ಸುಮಾರು ನೂರಕ್ಕೆ ತೊಂಬತ್ತರಷ್ಟು ಸೀಳುಗಳು ಹಿಂಭಾಗದ ನಡುಗೆರೆಯಲ್ಲಿಯೇ ಆಗುವುದೇಕೆ? ಜರ್ಮನಿಯ ಕ್ಲೋಸ್ಟರ್‌ಹಾಲ್ಫೆನ್ ಮತ್ತು ಸಂಗಡಿಗರು 1989ರಲ್ಲಿ ಶವಗಳ ರಕ್ತನಾಳಗಳನ್ನು ಪರೀಕ್ಷಿಸಿ, ನೂರಕ್ಕೆ 85ರಷ್ಟು ದೇಹಗಳಲ್ಲಿ ಆ ನಡುಗೆರೆಗೆ ರಕ್ತದ ಪೂರೈಕೆ ಉಳಿದೆಡೆಗಳಿಗಿಂತ ಕಡಮೆಯೆಂದು ಕಂಡರು. 1994ರಲ್ಲಿ ಹಾಲೆಂಡಿನ ಸ್ಖೌಟೆನ್ ಮತ್ತು ಸಂಗಡಿಗರು ಜೀವಂತ ಮನುಷ್ಯರಲ್ಲಿ ಸ್ನಾಯುವಿನ ಒತ್ತಡವನ್ನೂ ಚರ್ಮದ ರಕ್ತಸಂಚಾರವನ್ನೂ ಅಳೆದು, ಒತ್ತಡ ಹೆಚ್ಚಿದಷ್ಟೂ ರಕ್ತಸಂಚಾರ ಕುಗ್ಗುವುದನ್ನು ತೋರಿಸಿದರು. ಆ ಸ್ಥಳಕ್ಕೆ ಬರುವ ರಕ್ತನಾಳಗಳು ಒಳಸಂಕೋಚಕದ ಮೂಲಕವೇ ಹಾಯ್ದು ಬರುತ್ತವೆ. ಸ್ನಾಯು ಬಿಗಿದರೆ ಅವು ಹಿಂಡಿದಂತಾಗಿ ಗಾಯಕ್ಕೆ ರಕ್ತವಿಲ್ಲದಂತಾಗುತ್ತದೆ. ಕಾಲುವೆಯ ತೂಬನ್ನು ಮುಚ್ಚಿದರೆ ಕೊನೆಯ ಗದ್ದೆ ಒಣಗುವಂತೆ, ಸೀಳು ಹಸಿವಿನಿಂದ ಒಣಗಿ ಮಾಯದೆ ಉಳಿಯುತ್ತದೆ. ಸ್ನಾಯುವನ್ನು ಕೊಯ್ದಾಗ ಗಾಯ ತಾನಾಗಿ ಮಾಯುತ್ತಿದ್ದ ಬ್ವಾಯೆಯ ಅನುಭವಕ್ಕೆ ಹೀಗೆ 176 ವರ್ಷಗಳ ಅನಂತರ ವಿವರಣೆ ದೊರೆಯಿತು.

7. ಅಲಗಿನಿಂದ ಲೇಪಕ್ಕೆ

ರಕ್ತವನ್ನು ತಡೆಯುವುದು ಬಿಗಿತವೆಂದಾದ ಮೇಲೆ, ಬಿಗಿತವನ್ನು ಶಾಶ್ವತವಾಗಿ ಕತ್ತರಿಸುವ ಅಗತ್ಯವೇನು? ಗಾಯ ಮಾಯುವಷ್ಟು ಕಾಲ, ಎಂದರೆ ಆರೆಂಟು ವಾರ, ಸಡಿಲವಾಗಿದ್ದರೆ ಸಾಲದೆ? ಈ ಪ್ರಶ್ನೆಗೆ ಉತ್ತರ ಅನಿರೀಕ್ಷಿತವಾದ ಮೂಲೆಯಿಂದ ಬಂದಿತು. 1847ರಲ್ಲಿ ಇಟಲಿಯ ಸೊಬ್ರೇರೊ ತಯಾರಿಸಿದ ನೈಟ್ರೊಗ್ಲಿಸರಿನ್ ಎಂಬ ಸ್ಫೋಟಕ ದ್ರವದಿಂದ ಆಲ್ಫ್ರೆಡ್ ನೊಬೆಲನು 1867ರಲ್ಲಿ ಡೈನಮೈಟನ್ನು ರಚಿಸಿದನು. ಅದೇ ದ್ರವವನ್ನು ಅತ್ಯಲ್ಪ ಪ್ರಮಾಣದಲ್ಲಿ ಎದೆನೋವಿಗೆ ಕೊಡಬಹುದೆಂದು ಲಂಡನ್ನಿನ ವಿಲಿಯಂ ಮರೆಲ್ 1879ರಲ್ಲಿ ತೋರಿಸಿದನು. ಅದು ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆಮಾಡಿ ನಾಳಗಳ ಸ್ನಾಯುವನ್ನು ಸಡಿಲಿಸುತ್ತದೆ. ಈ ಅನಿಲದ ಕಾರ್ಯವನ್ನು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲನ ಹೆಸರಿನ ಪಾರಿತೋಷಕವೇ ಬಂದಿತು. ಗುದದ ಒಳಸಂಕೋಚಕವನ್ನು ಸಡಿಲಿಸುವುದೂ ಈ ಅನಿಲವೇ ಎಂದು 1993ರಲ್ಲಿ ಗೊತ್ತಾಯಿತು. 1994ರಲ್ಲಿ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ವೈದ್ಯರು ನೈಟ್ರೊಗ್ಲಿಸರಿನ್ ಲೇಪದಿಂದ ಗುದದ ಒತ್ತಡ ಇಳಿಯುವುದನ್ನು ವರದಿಮಾಡಿದರು. 1997ರಲ್ಲಿ ಲಂಡ್ ಮತ್ತು ಸ್ಕೋಲ್‌ಫೀಲ್ಡ್ ನಡೆಸಿದ ತುಲನಾತ್ಮಕ ಪ್ರಯೋಗದಲ್ಲಿ, ಲೇಪ ಹಚ್ಚಿದ 38 ಜನರಲ್ಲಿ 26 ಜನರಿಗೆ ಎಂಟು ವಾರಗಳಲ್ಲಿ ಗಾಯ ಮಾಯಿತು. ಬರಿಯ ಲೇಪವನ್ನು ಹಚ್ಚಿದ 39 ಜನರಲ್ಲಿ ಮೂವರಿಗೆ ಮಾತ್ರ. ತಲೆನೋವು ಇದರ ದೊಡ್ಡ ತೊಂದರೆ. ಡಿಲ್ಟಿಯಜೆಮ್ ಎಂಬ ಇನ್ನೊಂದು ಹೃದ್ರೋಗದ ಔಷಧದ ಲೇಪದಲ್ಲಿ ಆ ತೊಂದರೆ ಕಡಮೆ. 1993ರಿಂದೀಚೆಗೆ, ಕೆಟ್ಟ ಆಹಾರದಲ್ಲಿ ಹುಟ್ಟುವ ಬೊಟುಲಿನಮ್ ವಿಷವನ್ನೂ ಅಣುಪ್ರಮಾಣದಲ್ಲಿ ಸ್ನಾಯುವಿಗೆ ಚುಚ್ಚಿ, ಕೆಲವು ತಿಂಗಳು ಅದನ್ನು ಸಡಿಲವಾಗಿಡುವ ಕ್ರಮ ಬಂದಿದೆ.

ಇವೆಲ್ಲಕ್ಕೂ ಮೊದಲು ಮಾಡಬೇಕಾದದ್ದು ಮಾತ್ರ ಹಳೆಯದೇ. 1986ರಲ್ಲಿ ಡೆನ್ಮಾರ್ಕಿನ ಯೆನ್ಸೆನ್ ಎಂಬ ವೈದ್ಯನು ಹೊಸ ಸೀಳುಗಳ ಚಿಕಿತ್ಸೆಯನ್ನು ಹೋಲಿಸಿ ನೋಡಿದಾಗ, ಬಿಸಿನೀರಿನಲ್ಲಿ ಕುಳಿತು ತೌಡನ್ನು ತಿಂದವರಲ್ಲಿ ನೂರಕ್ಕೆ 87 ಜನರಿಗೆ ಮೂರು ವಾರಗಳಲ್ಲಿ ಗುಣವಾಗಿತ್ತು; ಮರಗಟ್ಟಿಸುವ ಲೇಪವನ್ನಷ್ಟೇ ಹಚ್ಚಿದವರಲ್ಲಿ ನೂರಕ್ಕೆ 60 ಜನರಿಗೆ. ಸೆಲ್ಸಸನ ಬಿಸಿನೀರು ಸುಮಾರು ಹತ್ತೊಂಬತ್ತು ಶತಮಾನಗಳ ಮೇಲೆ ಅಂಕಿಅಂಶಗಳ ಪರೀಕ್ಷೆಯಲ್ಲಿ ಉತ್ತೀರ್ಣವಾಯಿತು.

8. ಉಪಸಂಹಾರ

ಮೇಲಿನ ನಿರೂಪಣೆಯಿಂದ ವ್ಯಕ್ತವಾಗುವ ಸಂಗತಿಯಿದು. ಭಾರತೀಯರು ನೋವನ್ನು ಹೆಸರಿಸಿದರು, ಗ್ರೀಕರು ಗಾಯವನ್ನು ಹೆಸರಿಸಿದರು, ಫ್ರೆಂಚರು ಸ್ನಾಯುವನ್ನು ಗುರುತಿಸಿದರು; ಮೂರನ್ನೂ ರಕ್ತಸಂಚಾರದ ಸೂತ್ರದಲ್ಲಿ ಪೋಣಿಸಿದ್ದು 20ನೆಯ ಶತಮಾನದ ಕೊನೆ. ಎಲ್ಲವನ್ನೂ ನಮ್ಮ ಪೂರ್ವಿಕರೇ ಅರಿತಿದ್ದರೆನ್ನುವುದೂ, ಅವರು ಏನನ್ನೂ ಅರಿತಿರಲಿಲ್ಲವೆನ್ನುವುದೂ ಸಮನಾಗಿ ಇತಿಹಾಸಕ್ಕೆ ದೂರವಾದ ಮಾತುಗಳು. ಸಡಿಲಿಸಬೇಕೆಂಬ ಅರಿವು ಕೈಗಳಿಗೆ ಬಹಳ ಹಿಂದೆಯೇ ಬಂದಿತ್ತು. ಏಕೆ ಸಡಿಲಿಸಬೇಕೆಂಬ ಅರಿವು ಬುದ್ಧಿಗೆ ಬಂದದ್ದು ತಡವಾಗಿ.

ಆದರೆ ಈ ಅರಿವು ಇನ್ನೂ ನಮ್ಮ ಮನೆಮಾತನ್ನು ತಲಪಿಲ್ಲ. ನಗರಗಳ ಗೋಡೆಗಳ ಮೇಲೂ ರೈಲುಗಾಡಿಗಳಲ್ಲಿಯೂ ಅಂಟಿಸಿದ ಜಾಹೀರಾತುಗಳು ಎಲ್ಲ ಗುದರೋಗಗಳಿಗೂ ಒಂದೇ ಮದ್ದನ್ನು ಸಾರುತ್ತವೆ. ನಾಚಿಕೆಗೊಂಡ ರೋಗಿಯು ವೈದ್ಯನ ಬಳಿಗೆ ಹೋಗುವ ಬದಲು ಅವುಗಳ ಬಳಿಗೆ ಹೋಗುತ್ತಾನೆ. ಬರಿಯ ನೋವಾಗಿದ್ದರೆ ಇದರಿಂದ ಹಣ ಮತ್ತು ಕಾಲ ಮಾತ್ರ ನಷ್ಟ. ಆದರೆ ನಡುಗೆರೆಯನ್ನು ಬಿಟ್ಟು ಪಕ್ಕದಲ್ಲಿ ಆಗುವ ಸೀಳು ಕ್ಷಯ, ಕರುಳಿನ ಉರಿಯೂತ ಮುಂತಾದ ಬೇರೆ ರೋಗಗಳ ಕುರುಹಾಗಿರಬಹುದು. ವಯಸ್ಸಾದವರಲ್ಲಿ ಬೀಳುವ ರಕ್ತ ಮಲಾಶಯದ ಅರ್ಬುದದ್ದೂ ಆಗಿರಬಹುದು. ಮೂಲವ್ಯಾಧಿಯೆಂಬ ಒಂದು ಶಬ್ದದ ಹೊದಿಕೆಯ ಕೆಳಗೆ ಅದು ತಿಂಗಳುಗಟ್ಟಲೆ ಬೆಳೆದರೆ ಆಗುವ ಹಾನಿ ಪ್ರಾಣದ್ದು. ಸೀಳುಗಾಯವೆಂಬ ಸರಳವಾದ ಕನ್ನಡ ಮಾತನ್ನು ನಾವು ರೂಢಿಗೆ ತಂದು, ನೋವು ಎಂಥದು, ರಕ್ತ ಎಷ್ಟು, ಗಂಟು ಇದೆಯೇ ಇಲ್ಲವೇ ಎಂಬುದನ್ನು ಬಾಯಿಬಿಟ್ಟು ವೈದ್ಯರಿಗೆ ಹೇಳುವುದನ್ನು ಕಲಿತರೆ, ಎರಡು ಸಾವಿರ ವರ್ಷಗಳ ಈ ಪರಿಶ್ರಮದ ಫಲ ಆಗ ಎಲ್ಲರ ಮನೆಗೂ ಬಂದೀತು.